ಒಳಬಾಯಿ ಮುಚ್ಚಬೇಕು, ಸ್ನಾಯು ಉಳಿಯಬೇಕು: ಜಟಿಲ ಭಗಂದರದ ಚಿಕಿತ್ಸೆ ಎಲ್ಲಿಗೆ ಬಂದಿದೆ?

2024ರ ಡಿಸೆಂಬರ್‌ನಲ್ಲಿ ಟಕೇಡಾ ಕಂಪನಿ ಅಲೋಫಿಸೆಲ್ ಎಂಬ ಔಷಧವನ್ನು ಯುರೋಪಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ದಾನಿಗಳ ಕೊಬ್ಬಿನಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಿದ ಸ್ಟೆಮ್ ಸೆಲ್‌ಗಳ ಇಂಜೆಕ್ಷನ್ ಅದು. ಕರುಳಿನಲ್ಲಿ ದೀರ್ಘಕಾಲ ಉರಿಯೂತ ಎಬ್ಬಿಸುವ ಕ್ರೋನ್ಸ್ ಕಾಯಿಲೆಯವರನ್ನು ಕಾಡುವ ಜಟಿಲ ಭಗಂದರಕ್ಕೆ, ಅಂದರೆ ಗುದದ್ವಾರದ ಬಳಿ ಕೀವು ಸೋರುವ ಸುರಂಗವಾದ ಫಿಸ್ಟುಲಾಗೆ, 2018ರ ಮಾರ್ಚ್‌ನಲ್ಲಿ ಅನುಮತಿ ಪಡೆದಿತ್ತು. ಏಳು ವರ್ಷ ತುಂಬುವ ಮೊದಲೇ ಅದರ ಕಥೆ ಅಲ್ಲಿಗೆ ಮುಗಿಯಿತು.

ಸ್ಟೆಮ್ ಸೆಲ್ ಸೋತಿತು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಆ ಔಷಧದ ಟ್ರಯಲ್‌ಗಳ ಅಂಕಿಗಳನ್ನು ಬಿಡಿಸಿ ನೋಡಿದರೆ ಸಿಗುವ ಪಾಠ ಬೇರೆ. ಭಗಂದರ ಮಾಯುವುದು ಒಳಗೆ ಸುರಿದ ವಸ್ತುವಿನಿಂದಲೋ, ಸುರಿಯುವ ಮೊದಲು ಮಾಡಿದ ಶುಚಿಯಿಂದಲೋ ಎಂಬ ಪ್ರಶ್ನೆಗೆ ಅಲ್ಲಿ ಸಾಕಷ್ಟು ಉತ್ತರವಿದೆ. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ರೋಗದ ಬುಡಕ್ಕೆ ಹೋಗಬೇಕು.

ಕೀವು ಹುಟ್ಟುವ ಜಾಗ

ಗುದನಾಳದ ಉದ್ದ ಸುಮಾರು 4 ಸೆಂ.ಮೀ. ಅದರ ನಡುಮಧ್ಯದಲ್ಲಿ ಹಲ್ಲಿನ ಸಾಲಿನಂತೆ ಕಾಣುವ ಒಂದು ಗೆರೆಯಿದೆ. ಆ ಗೆರೆಯ ಸಣ್ಣ ಗುಳಿಗಳಲ್ಲಿ ಕೆಲವು ಗ್ರಂಥಿಗಳು ಬಾಯಿ ತೆರೆಯುತ್ತವೆ. ಅವುಗಳ ಬೇರು ಎರಡು ಸ್ನಾಯುಗಳ ನಡುವಿನ ಸಂದಿಗೆ ಇಳಿದಿರುತ್ತದೆ. ಗ್ರಂಥಿಯ ಬಾಯಿ ಕಟ್ಟಿಕೊಂಡರೆ ಸೋಂಕು ಆ ಸಂದಿಯಲ್ಲಿ ಕೂತು ಬಾವಾಗುತ್ತದೆ. ಬಾವು ತಾನಾಗಿ ಒಡೆದರೂ, ವೈದ್ಯರು ಕೊಯ್ದು ಕೀವು ತೆಗೆದರೂ ಎಲ್ಲರಿಗೂ ಅಲ್ಲಿಗೆ ಮುಗಿಯುವುದಿಲ್ಲ. ಕೆಲವರಲ್ಲಿ ಒಳಗಿನ ಗುಳಿಯಿಂದ ಹೊರಗಿನ ಚರ್ಮದವರೆಗೆ ಒಂದು ಸುರಂಗ ಉಳಿದುಬಿಡುತ್ತದೆ. ಒಳಗಡೆಯ ತೂತು ಒಳಬಾಯಿ, ಚರ್ಮದ ಮೇಲಿನದು ಹೊರಬಾಯಿ. ಹೊರಬಾಯಿ ಆಗಾಗ ಮುಚ್ಚಿಕೊಂಡು ವಾಸಿಯಾದಂತೆ ಕಾಣುತ್ತದೆ. ನಾಲ್ಕಾರು ವಾರ ಕಳೆದು ಮತ್ತೆ ನೋವು, ಮತ್ತೆ ಊತ, ಮತ್ತೆ ಕೀವು. ಒಳಬಾಯಿಯ ಮೂಲಕ ಮಲದ ಸೂಕ್ಷ್ಮಜೀವಿಗಳು ಸುರಂಗಕ್ಕೆ ಇಳಿಯುತ್ತಲೇ ಇರುವುದು ಇದಕ್ಕೆ ಕಾರಣ. ಮಲವಿಸರ್ಜನೆಯ ಒತ್ತಡ ಅವನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಇದರ ಜೊತೆಗೆ ಹಳೆಯ ಸುರಂಗದ ಒಳಗೋಡೆಗೆ ಚರ್ಮದಂಥ ಪದರ ಬೆಳೆದುಬಿಟ್ಟರೆ ಎರಡು ಗೋಡೆಗಳು ಒಂದಕ್ಕೊಂದು ಅಂಟುವುದೇ ಇಲ್ಲ.

ಸುರಂಗದ ದಾರಿಯಲ್ಲಿ ಸಿಗುವ ಎರಡು ಸ್ನಾಯುಗಳಲ್ಲಿ ಒಳಸ್ನಾಯು ನಮ್ಮ ಹತೋಟಿಯಲ್ಲಿಲ್ಲ. ನಿದ್ದೆಯಲ್ಲೂ ಬಿಗಿಯಾಗಿದ್ದು ಗಾಳಿ, ನೀರಾದ ಮಲ ಜಾರದಂತೆ ತಡೆಯುವ ಕೆಲಸದ ಹೆಚ್ಚಿನ ಪಾಲು ಅದರದು. ಅವಸರ ಬಂದಾಗ ನಾವು ಬಿಗಿಹಿಡಿಯುವುದು ಹೊರಸ್ನಾಯುವನ್ನು. ಈ ಎರಡಕ್ಕೂ ಸೇರಿ ಸ್ಫಿಂಕ್ಟರ್ ಎಂಬ ಹೆಸರು. 1976ರಲ್ಲಿ ಲಂಡನ್ನಿನ ಸರ್ಜನ್ ಅಲನ್ ಪಾರ್ಕ್ಸ್ ಮತ್ತು ಸಂಗಡಿಗರು ಸುರಂಗ ಈ ಸ್ನಾಯುಗಳನ್ನು ಹೇಗೆ ದಾಟುತ್ತದೆ ಎಂಬುದನ್ನೇ ಆಧಾರ ಮಾಡಿಕೊಂಡು ಭಗಂದರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಇಂದಿಗೂ ಎಂಆರ್‌ಐ ವರದಿಗಳು ಅದೇ ಭಾಷೆಯಲ್ಲಿ ಮಾತಾಡುತ್ತವೆ.

ಸುರಂಗ ಸ್ನಾಯುವಿನ ತಳದ ಅಂಚನ್ನಷ್ಟೇ ದಾಟಿದ್ದರೆ ಅದನ್ನು ಉದ್ದಕ್ಕೆ ಸೀಳಿ ತೆರೆದಿಡುವುದು ಈಗಲೂ ಅತ್ಯುತ್ತಮ ಚಿಕಿತ್ಸೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ವಾಸಿಯಾಗುತ್ತದೆ. ಅಂಥವರಿಗೆ ಸ್ಟೆಮ್ ಸೆಲ್ಲೂ ಬೇಡ, ಲೇಸರ್ರೂ ಬೇಡ. ಹೊರಸ್ನಾಯುವಿನ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಸುರಂಗದ ಹಾದಿಯಲ್ಲಿದ್ದರೆ, ಕವಲುಗಳಿದ್ದರೆ, ಕ್ರೋನ್ಸ್ ಕಾಯಿಲೆಯಿದ್ದರೆ, ಹಿಂದೊಮ್ಮೆ ಆಪರೇಷನ್ ಆಗಿ ಮರುಕಳಿಸಿದ್ದರೆ ಅದು ಜಟಿಲ. ಹೆಂಗಸರಲ್ಲಿ ಮುಂಭಾಗದ ಭಗಂದರವನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಸ್ನಾಯು ಮೊದಲೇ ಗಿಡ್ಡ, ಹೆರಿಗೆಯಲ್ಲಿ ಪೆಟ್ಟಾಗಿರುವ ಸಾಧ್ಯತೆಯೂ ಇದೆ. ಇಂಥ ಕಡೆ ಸೀಳಿದರೆ ಕೀವು ನಿಂತೀತು, ಆದರೆ ಗಾಳಿಯೋ ಮಲವೋ ಹತೋಟಿ ತಪ್ಪಿ ಬಟ್ಟೆ ಕೆಡುವ ಸ್ಥಿತಿ ಬಂದೀತು. ಕೀವಿನ ಜೊತೆ ಹೇಗೋ ಬದುಕುತ್ತಿದ್ದ ವ್ಯಕ್ತಿ ಆಮೇಲೆ ಮನೆಯಿಂದ ಹೊರಬರಲು ಹೆದರುತ್ತಾರೆ. ಸ್ನಾಯು ಉಳಿಸುವ ಚಿಕಿತ್ಸೆಗಳೆಲ್ಲ ಹುಟ್ಟಿದ್ದು ಈ ಭಯದಿಂದ.

ದಾರ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಜಟಿಲ ಭಗಂದರದ ಚಿಕಿತ್ಸೆ ಬಹುಪಾಲು ಸೀಟನ್‌ನಿಂದ ಶುರುವಾಗುತ್ತದೆ. ಸಿಲಿಕೋನ್ ದಾರವನ್ನು ಹೊರಬಾಯಿಯಿಂದ ಒಳಬಾಯಿಗೆ ದಾಟಿಸಿ, ಗುದದ್ವಾರದ ಮೂಲಕ ಹೊರತಂದು ಸಡಿಲವಾಗಿ ಗಂಟು ಹಾಕುತ್ತಾರೆ. ಸುರಂಗದ ಬಾಯಿ ಮುಚ್ಚಿಕೊಂಡು ಕೀವು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದಷ್ಟೇ ಈ ದಾರದ ಕೆಲಸ. ಆರರಿಂದ ಹನ್ನೆರಡು ವಾರದಲ್ಲಿ ಊತ ಇಳಿದು ಕವಲುಗಳು ಒಣಗಿ, ಸುರಂಗ ಗಟ್ಟಿಯಾದ ಒಂದೇ ನಾಳವಾಗುತ್ತದೆ. ಈ ಹಂತವನ್ನು ಹಾರಿಸಿ ಮುಂದಿನ ಆಪರೇಷನ್‌ಗೆ ಕೈಹಾಕಿದರೆ ಒಳಗೆ ಉಳಿದ ಕೀವಿನ ಗೂಡೇ ಎಲ್ಲವನ್ನೂ ಕೆಡಿಸುತ್ತದೆ.

ಬಿಗಿಯುತ್ತಾ ಹೋಗುವ ಕತ್ತರಿಸುವ ಸೀಟನ್ ಬೇರೆಯೇ ಸಂಗತಿ. ಅದು ಸ್ನಾಯುವನ್ನು ನಿಧಾನವಾಗಿಯಾದರೂ ಕತ್ತರಿಸಿಯೇ ತೀರುತ್ತದೆ. ಅದನ್ನು ಹಾಕಿಸಿಕೊಂಡವರ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಹತೋಟಿ ಕಳೆದುಕೊಂಡವರ ಸರಾಸರಿ ಪ್ರಮಾಣ ಸುಮಾರು 12%. ಆಯುರ್ವೇದದ ಕ್ಷಾರಸೂತ್ರವೂ ತತ್ವದಲ್ಲಿ ಇದೇ ಜಾತಿಯದು: ಕ್ಷಾರ ಸವರಿದ ದಾರ ಕೊರೆಯುತ್ತಾ ಹೋದ ಹಾಗೆ ಹಿಂದೆ ಗಾಯ ಮಾಯುತ್ತಾ ಬರುತ್ತದೆ. ಕೆಳಮಟ್ಟದ ಭಗಂದರದಲ್ಲಿ ಅದು ಚೆನ್ನಾಗಿ ಕೆಲಸ ಮಾಡುವುದು ನಿಜ. ಆದರೆ ಸ್ನಾಯುವನ್ನು ಮುಟ್ಟದ ಚಿಕಿತ್ಸೆ ಎಂದು ಅದನ್ನು ಹೇಳಲಾಗದು. ಎತ್ತರದ ಸುರಂಗಕ್ಕೆ ಬಳಸುವ ಮುನ್ನ ಎಷ್ಟು ಸ್ನಾಯು ಕತ್ತರಿಸಿಹೋಗಲಿದೆ ಎಂದು ಕೇಳಲೇಬೇಕು.

ಕಟ್ಟುವುದು, ಸುಡುವುದು, ತುಂಬುವುದು

ಸ್ನಾಯು ಕತ್ತರಿಸದ ಆಪರೇಷನ್‌ಗಳಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿರುವುದು ಲಿಫ್ಟ್, ಅಂದರೆ ಸುರಂಗವನ್ನು ಎರಡು ಸ್ನಾಯುಗಳ ನಡುವೆಯೇ ಕಟ್ಟಿ ತುಂಡರಿಸುವ ವಿಧಾನ. 2007ರಲ್ಲಿ ಬ್ಯಾಂಕಾಕ್‌ನ ಸರ್ಜನ್ ಅರುಣ್ ರೋಜನಸಕುಲ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಗುದದ್ವಾರದ ಅಂಚಿನಲ್ಲಿ ಒಳ, ಹೊರಸ್ನಾಯುಗಳ ನಡುವಿನ ತಗ್ಗು ಬೆರಳಿಗೆ ಸಿಗುತ್ತದೆ. ಅಲ್ಲಿ ಒಂದೂವರೆ ಎರಡು ಸೆಂ.ಮೀ. ಗೀಟು ಹಾಕಿ ಸ್ನಾಯುಗಳ ನಡುವೆ ಇಳಿಯುತ್ತಾರೆ. ಸರಿಯಾದ ಪದರ ಸಿಕ್ಕರೆ ರಕ್ತವೇ ಬರುವುದಿಲ್ಲ. ರಕ್ತ ಬಂತೆಂದರೆ ಸ್ನಾಯುವಿನ ಒಳಗೆ ಹೊಕ್ಕಿದ್ದೇವೆ ಎಂದರ್ಥ. ಸುರಂಗ ಒಂದು ಗಟ್ಟಿ ಹುರಿಯಂತೆ ಅಡ್ಡಲಾಗಿ ಹಾದಿರುವುದು ಕಾಣುತ್ತದೆ. ಕೆಳಗಿನಿಂದ ಬಾಗಿದ ಕ್ಲ್ಯಾಂಪ್ ತೂರಿಸಿ ಅದನ್ನು ಎತ್ತಿ, ಒಳಸ್ನಾಯುವಿಗೆ ಒತ್ತಿಕೊಂಡಂತೆ ಕರಗುವ ದಾರದಿಂದ ಒಂದು ಗಂಟು, ಹೊರಸ್ನಾಯುವಿನ ಬದಿಗೆ ಇನ್ನೊಂದು ಗಂಟು ಹಾಕಿ ನಡುವಿನ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಹೊರಬಾಯಿಯಿಂದ ಸಲೈನ್ ಹಾಯಿಸಿ, ಕತ್ತರಿಸಿದ್ದು ಸುರಂಗವನ್ನೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಹೊರಭಾಗವನ್ನು ಕೆರೆದು ಶುಚಿ ಮಾಡಿ ತೆರೆದೇ ಬಿಡುತ್ತಾರೆ. ಒಳ್ಳೆಯ ಕೈಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ವಾಸಿ. ಹತೋಟಿ ಕೆಡುವುದು ತೀರಾ ಅಪರೂಪ. ಸುರಂಗ ಎಳಸಾಗಿದ್ದು ಕ್ಲ್ಯಾಂಪಿನ ಮೇಲೆ ಹರಿದುಹೋದರೆ, ಒಳಗಿನ ಗಂಟು ಒಳಬಾಯಿಯಿಂದ ದೂರ ಬಿದ್ದು ಅಲ್ಲೊಂದು ಚೀಲ ಉಳಿದರೆ, ಕವಲು ಕಣ್ತಪ್ಪಿದರೆ ಸೋಲು. ಸುರಂಗ 3 ಸೆಂ.ಮೀ.ಗಿಂತ ಉದ್ದವಾಗಿದ್ದರೆ ಗೆಲುವು ಕಡಿಮೆ ಎಂದೂ ಕಂಡುಬಂದಿದೆ.

ಅಡ್ವಾನ್ಸ್‌ಮೆಂಟ್ ಫ್ಲ್ಯಾಪ್ ಇನ್ನೊಂದು ಹಳೆಯ ದಾರಿ. ಮೇಲಿನ ಒಳಪದರವನ್ನು ಸ್ವಲ್ಪ ಸ್ನಾಯುವಿನ ಸಮೇತ ಎಬ್ಬಿಸಿ, ಕೆಳಕ್ಕೆ ಎಳೆದು ಒಳಬಾಯಿಯ ಮೇಲೆ ಹೊದಿಸಿ ಹೊಲಿಯುತ್ತಾರೆ. ಫ್ಲ್ಯಾಪಿನ ಬುಡ ತುದಿಗಿಂತ ಅಗಲವಿರಬೇಕು, ಇಲ್ಲದಿದ್ದರೆ ತುದಿಗೆ ರಕ್ತ ತಲುಪದೆ ಕೊಳೆಯುತ್ತದೆ. ಎಳೆತ ಇರಬಾರದು, ಅಡಿಯಲ್ಲಿ ರಕ್ತ ಹೆಪ್ಪುಗಟ್ಟಬಾರದು. ಸ್ನಾಯುವಿನ ಎಳೆಗಳೂ ಫ್ಲ್ಯಾಪಿನಲ್ಲಿ ಸೇರುವುದರಿಂದ ಕೆಲವರಿಗೆ ಗಾಳಿಯ ಹತೋಟಿ ಸ್ವಲ್ಪ ಸಡಿಲವಾಗುವುದುಂಟು. ಹಾಗಾಗಿ "ಪೂರ್ತಿ ಸ್ನಾಯು ಉಳಿಸುವ ಆಪರೇಷನ್" ಎಂದು ಹೇಳುವಾಗ ಈ ಅಂಶವನ್ನು ಮುಚ್ಚಿಡಬಾರದು.

ಲೇಸರ್ ವಿಧಾನದಲ್ಲಿ 1470 ನ್ಯಾನೋಮೀಟರ್ ಬೆಳಕನ್ನು ಸುತ್ತಲೂ ಚೆಲ್ಲುವ ತಂತುವನ್ನು ಸುರಂಗಕ್ಕೆ ತೂರಿಸಿ, ಸೆಕೆಂಡಿಗೆ ಹೆಚ್ಚುಕಡಿಮೆ 1 ಮಿ.ಮೀ. ವೇಗದಲ್ಲಿ ಹಿಂದಕ್ಕೆ ಎಳೆಯುತ್ತಾರೆ. ಗೋಡೆ ಸುಟ್ಟು ಕುಗ್ಗುತ್ತದೆ. ವಾಫ್ಟ್‌ನಲ್ಲಿ ಸಣ್ಣ ಕ್ಯಾಮೆರಾ ಒಳಗಿಳಿಸಿ, ಕವಲುಗಳನ್ನು ಕಣ್ಣಾರೆ ಕಂಡು ಗೋಡೆಯನ್ನು ಸುಡುತ್ತಾರೆ. ಎರಡರಲ್ಲೂ ಒಳಬಾಯಿಯನ್ನು ಬೇರೆಯಾಗಿ ಹೊಲಿದು ಮುಚ್ಚದಿದ್ದರೆ ಫಲ ಅನಿಶ್ಚಿತ. ಕ್ಯಾಮೆರಾದ ನಿಜವಾದ ಲಾಭ ಸುಡುವುದಕ್ಕಿಂತ ಹೆಚ್ಚಾಗಿ ಹುಡುಕುವುದರಲ್ಲಿದೆ.

ತುಂಬುವ ಚಿಕಿತ್ಸೆಗಳ ಚರಿತ್ರೆಯಲ್ಲಿ ಆಸೆ ಹುಟ್ಟಿ ಕರಗಿದ್ದೇ ಹೆಚ್ಚು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನಿಂದ ಮಾಡಿದ ಫೈಬ್ರಿನ್ ಅಂಟು ಮೊದಲು ಬಹಳ ಭರವಸೆ ಕೊಟ್ಟಿತು. ಆದರೆ ಅಂಟು ಕೆಲವೇ ದಿನಗಳಲ್ಲಿ ಕರಗುತ್ತದೆ, ಕೆಮ್ಮಿದರೆ ಜಾರಿ ಹೊರಬೀಳುತ್ತದೆ. ಹಂದಿಯ ಸಣ್ಣ ಕರುಳಿನ ಪದರದಿಂದ ಮಾಡಿದ ಶಂಕುವಿನಾಕಾರದ ಪ್ಲಗ್ ಬಂದಾಗ ಮೊದಲ ವರದಿಗಳು ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಗೆಲುವು ಎಂದವು. ಬ್ರಿಟನ್ನಿನಲ್ಲಿ 304 ಜನರ ಮೇಲೆ ನಡೆದ ಫಿಯಟ್ ಟ್ರಯಲ್‌ನಲ್ಲಿ ಪ್ಲಗ್ ಹಾಕಿದವರ ಪೈಕಿ ವರ್ಷದ ಕೊನೆಗೆ ವಾಸಿಯಾದವರು 54%. ಸರ್ಜನ್ ತಮಗೆ ಸರಿಕಂಡ ಬೇರೆ ಚಿಕಿತ್ಸೆ ಮಾಡಿದ ಗುಂಪಿನಲ್ಲಿ 55%. ಕೀವಿನ ಗೂಡಿಗೆ ಬಿರಡೆ ಜಡಿದರೆ ಬಿರಡೆಯೂ ಕೊಳೆಯುತ್ತದೆ.

ಜೀವಕೋಶ ಒಳಗೆ ಏನು ಮಾಡುತ್ತದೆ

ಇಲ್ಲಿ ಬಳಸುವುದು ಮೆಸೆನ್‌ಕೈಮಲ್ ಸ್ಟೆಮ್ ಸೆಲ್. ಹೆಚ್ಚಾಗಿ ಹೊಟ್ಟೆಯ ಕೊಬ್ಬಿನಿಂದ, ಕೆಲವೊಮ್ಮೆ ಮೂಳೆಮಜ್ಜೆಯಿಂದ ತೆಗೆಯುತ್ತಾರೆ. ಇವು ಒಳಗೆ ಹೋಗಿ ಹೊಸ ಸ್ನಾಯುವಾಗಿ ಬೆಳೆಯುತ್ತವೆ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಬಹಳ ಕಾಲ ಉಳಿಯುವುದೇ ಇಲ್ಲ. ಇರುವಷ್ಟು ದಿನ ಅವು ಸುತ್ತಲಿನ ರೋಗನಿರೋಧಕ ಕೋಶಗಳಿಗೆ ಸಂದೇಶ ಕೊಡುತ್ತವೆ. ಉರಿಯೂತ ಎಬ್ಬಿಸುವ ಕೋಶಗಳ ಆರ್ಭಟ ತಗ್ಗುತ್ತದೆ, ತಣಿಸುವ ಕೋಶಗಳ ಸಂಖ್ಯೆ ಏರುತ್ತದೆ, ಗಾಯ ಮಾಯಲು ಬೇಕಾದ ವಾತಾವರಣ ಸಿದ್ಧವಾಗುತ್ತದೆ. ಕಟ್ಟಡ ಕಟ್ಟುವ ಗಾರೆಯವರು ಅವಲ್ಲ, ಜಗಳ ಬಿಡಿಸುವ ಹಿರಿಯರು.

ಈ ದಾರಿ ತೆರೆದವರು ಮ್ಯಾಡ್ರಿಡ್‌ನ ಸರ್ಜನ್ ಡಾಮಿಯಾನ್ ಗಾರ್ಸಿಯಾ ಓಲ್ಮೋ. ರೋಗಿಯದೇ ಕೊಬ್ಬಿನ ಸ್ಟೆಮ್ ಸೆಲ್ ಬಳಸಿ ಕ್ರೋನ್ಸ್ ಭಗಂದರಕ್ಕೆ ಚಿಕಿತ್ಸೆ ಮಾಡಿದ ಅವರ ಮೊದಲ ವರದಿ 2003ರದು. ಕ್ರೋನ್ಸ್ ಇಲ್ಲದ ಸಾಮಾನ್ಯ ಜಟಿಲ ಭಗಂದರದ 200 ಜನರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಆರು ತಿಂಗಳಿಗೆ ಕೋಶ ಪಡೆದವರಲ್ಲಿ 39%, ಕೋಶ ಮತ್ತು ಅಂಟು ಎರಡನ್ನೂ ಪಡೆದವರಲ್ಲಿ 43%, ಬರೀ ಅಂಟು ಪಡೆದವರಲ್ಲಿ 37% ವಾಸಿಯಾಯಿತು. ವ್ಯತ್ಯಾಸವೆಂದು ಹೇಳಿಕೊಳ್ಳುವಷ್ಟಿಲ್ಲ.

ಕ್ರೋನ್ಸ್‌ನಲ್ಲಿ ಕಥೆ ಬೇರೆಯಾಗಿ ಕಂಡಿತು. ಅಲೋಫಿಸೆಲ್‌ನ ಮೊದಲ ದೊಡ್ಡ ಟ್ರಯಲ್ 2016ರಲ್ಲಿ ಪ್ರಕಟವಾಯಿತು: 212 ರೋಗಿಗಳು, ಒಂದೇ ಬಾರಿಗೆ 12 ಕೋಟಿ ಕೋಶಗಳು. 24 ವಾರಕ್ಕೆ ಕೋಶ ಪಡೆದವರಲ್ಲಿ 50%, ಸಲೈನ್ ಪಡೆದವರಲ್ಲಿ 34% ವಾಸಿ. ಇಲ್ಲಿ ವಾಸಿ ಎಂದರೆ ಹೊರಬಾಯಿಗಳನ್ನು ಮೆಲ್ಲಗೆ ಒತ್ತಿದರೂ ಏನೂ ಒಸರಬಾರದು, ಎಂಆರ್‌ಐನಲ್ಲಿ 2 ಸೆಂ.ಮೀ.ಗಿಂತ ದೊಡ್ಡ ಕೀವಿನ ಗೂಡು ಇರಬಾರದು. ಈ ಅಂಕಿಯ ಬಲದ ಮೇಲೆ ಅನುಮತಿ ಸಿಕ್ಕಿತು. ಆಮೇಲೆ 568 ರೋಗಿಗಳ ಎರಡನೇ ಟ್ರಯಲ್. ಅದರ ಫಲಿತಾಂಶ 2023ರಲ್ಲಿ ಹೊರಬಿತ್ತು: ಕೋಶ ಪಡೆದವರಲ್ಲಿ 48.8%, ಸಲೈನ್ ಪಡೆದವರಲ್ಲಿ 46.3%.

ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೋಶದ ಗುಂಪು ಇದ್ದಲ್ಲೇ ಇದೆ. ಮೇಲೇರಿದ್ದು ಸಲೈನ್ ಗುಂಪು. ಆ ಗುಂಪಿನವರೇನೂ ಚಿಕಿತ್ಸೆಯಿಲ್ಲದೆ ಕೂತಿರಲಿಲ್ಲ. ಅವರಿಗೂ ಸುರಂಗ ಕೆರೆದಿದ್ದರು, ಕೀವು ಬಸಿದಿದ್ದರು, ಸೀಟನ್ ಹಾಕಿ ತೆಗೆದಿದ್ದರು, ಒಳಬಾಯಿ ಹೊಲಿದಿದ್ದರು. ಎರಡು ಟ್ರಯಲ್‌ಗಳ ರೋಗಿಗಳು ಒಂದೇ ಬಗೆಯವರಲ್ಲದಿರಬಹುದು, ಅದನ್ನು ಒಪ್ಪೋಣ. ಆದರೂ ಶಿಸ್ತಾಗಿ ಮಾಡಿದ ಈ ಶುಚಿಕಾರ್ಯ ಸುಮಾರು ಅರ್ಧದಷ್ಟು ಜನರಿಗೆ ಸಾಕಾಯಿತು ಎಂಬುದು ಕಣ್ಣಿಗೆ ರಾಚುತ್ತದೆ. ದುಬಾರಿ ಸೀಸೆಯ ಸೋಲಿನಲ್ಲಿ ನಮಗೆ ದಕ್ಕಿದ ಅತಿ ಮುಖ್ಯ ತಿಳಿವಳಿಕೆ ಇದೇ ಎಂದು ನಮ್ಮ ನಂಬಿಕೆ.

ಚುಚ್ಚುವ ಕ್ರಮವನ್ನೂ ಹತ್ತಿರದಿಂದ ನೋಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಯಾವ ಕೋಶ ಚಿಕಿತ್ಸೆಗೂ ಇದೇ ಎಚ್ಚರ ಬೇಕು. ಅಲೋಫಿಸೆಲ್ ಬರುತ್ತಿದ್ದುದು 6 ಮಿ.ಲೀ.ನ ನಾಲ್ಕು ಸೀಸೆಗಳಲ್ಲಿ, ಒಟ್ಟು 24 ಮಿ.ಲೀ. ಕೋಶಗಳು ಜೀವಂತ, ಫ್ರಿಜ್‌ನಲ್ಲಿಡುವಂತಿರಲಿಲ್ಲ, 15ರಿಂದ 25 ಡಿಗ್ರಿಯಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಬೇಕಿತ್ತು. ಎರಡು ಮೂರು ವಾರ ಮೊದಲೇ ಸುರಂಗವನ್ನು ಕೆರೆದು ಸೀಟನ್ ಹಾಕಿರಬೇಕು. ಆ ದಿನ ಸೀಟನ್ ತೆಗೆದು, ಮತ್ತೆ ಗಟ್ಟಿಯಾಗಿ ಕೆರೆದು, ಒಳಬಾಯಿಯನ್ನು ಕರಗುವ ದಾರದಿಂದ ಹೊಲಿಯಬೇಕು. ತೊಳೆಯುವುದು ಬರೀ ಸಲೈನ್‌ನಿಂದ. ಹೈಡ್ರೋಜನ್ ಪೆರಾಕ್ಸೈಡ್, ಮೆಥಿಲೀನ್ ಬ್ಲೂ, ಅಯೋಡಿನ್ ಹಾಯಿಸಿದರೆ ಕೋಶಗಳು ಅಲ್ಲೇ ಸಾಯುತ್ತವೆ. ಭಗಂದರದ ಆಪರೇಷನ್‌ನಲ್ಲಿ ಒಳಬಾಯಿ ಹುಡುಕಲು ಕೈ ತಾನಾಗಿಯೇ ಹೋಗುವುದು ಪೆರಾಕ್ಸೈಡ್‌ನ ಕಡೆಗೆ, ಆದ್ದರಿಂದ ಈ ತಪ್ಪು ಆಗುವುದು ಸುಲಭ. ಸೀಸೆಯನ್ನು ಕುಲುಕದೆ ಬೆರಳಿನಿಂದ ಮೆಲ್ಲಗೆ ತಟ್ಟಿ ತಳದಲ್ಲಿ ಕೂತ ಕೋಶಗಳನ್ನು ಎಬ್ಬಿಸಬೇಕು. 22 ಗೇಜ್‌ಗಿಂತ ಸಣ್ಣ ಸೂಜಿ ಬಳಸಿದರೆ ಕೋಶಗಳು ಜಜ್ಜಿಹೋಗುತ್ತವೆ. ಅರ್ಧ ಪ್ರಮಾಣ ಹೊಲಿದ ಒಳಬಾಯಿಯ ಸುತ್ತಲಿನ ಅಂಗಾಂಶಕ್ಕೆ, ಉಳಿದರ್ಧ ಸುರಂಗದ ಗೋಡೆಯ ಉದ್ದಕ್ಕೂ 2 ಮಿ.ಮೀ.ಗಿಂತ ಆಳವಾಗದಂತೆ ಹನಿಹನಿಯಾಗಿ. ಸುರಂಗದ ಪೊಳ್ಳಿಗೆ ಸುರಿದರೆ ಎಲ್ಲವೂ ಹೊರಗೆ ಹರಿದುಹೋಗುತ್ತದೆ.

ಕೋಶ ಹೆಚ್ಚಿದಷ್ಟೂ ಗುಣ ಹೆಚ್ಚು ಎಂಬುದೂ ನಿಜವಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ನಡೆದ 21 ಜನರ ಟ್ರಯಲ್‌ನಲ್ಲಿ ಮೂಳೆಮಜ್ಜೆಯ ಕೋಶಗಳನ್ನು ಮೂರು ಪ್ರಮಾಣದಲ್ಲಿ ಕೊಟ್ಟು ನೋಡಿದರು. 3 ಕೋಟಿ ಕೋಶ ಪಡೆದ ಐವರಲ್ಲಿ ನಾಲ್ವರ ಭಗಂದರ 12 ವಾರಕ್ಕೆ ಮುಚ್ಚಿತ್ತು. 9 ಕೋಟಿ ಪಡೆದ ಐವರಲ್ಲಿ ಒಬ್ಬರದು ಮಾತ್ರ. ಗುಂಪು ತೀರಾ ಚಿಕ್ಕದು, ಆದರೆ "ಇಷ್ಟು ಕೋಟಿ ಕೋಶ" ಎಂದು ಲೆಕ್ಕ ಹೇಳಿ ಮಾರುವವರ ಮುಂದೆ ನೆನಪಿಟ್ಟುಕೊಳ್ಳಲು ಸಾಕು. ಕೋಶಗಳನ್ನು ಕರಗುವ ಪ್ಲಗ್‌ಗೆ ಅಂಟಿಸಿ ಕೂರಿಸುವ ಅಮೆರಿಕದ ಮೇಯೋ ಕ್ಲಿನಿಕ್‌ನ ಪ್ರಯತ್ನದಲ್ಲಿ 12ರಲ್ಲಿ 10 ಜನರಿಗೆ ಆರು ತಿಂಗಳಿಗೆ ವಾಸಿಯಾಗಿತ್ತು. ಕೋಶ ಹರಿದುಹೋಗದೆ ಜಾಗದಲ್ಲೇ ನಿಲ್ಲುವುದರಿಂದ ಈ ಆಲೋಚನೆ ನಮಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ ಎಂಬುದೇ ಕೊರತೆ.

ಲ್ಯಾಬಿನಲ್ಲಿ ಬೆಳೆಸದೆ ರೋಗಿಯದೇ ಕೊಬ್ಬನ್ನು ತೆಗೆದು, ತೊಳೆದು, ಸಣ್ಣ ತುಣುಕು ಮಾಡಿ ಅದೇ ದಿನ ಸುರಂಗದ ಸುತ್ತ ಚುಚ್ಚುವ ಕ್ರಮವೂ ಇದೆ. ಸ್ವಂತ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ಸಾಂದ್ರವಾದ ಭಾಗವನ್ನು ಬಳಸುವ ಪಿಆರ್‌ಪಿ ಇನ್ನೊಂದು. ಎರಡೂ ಸುರಕ್ಷಿತವಾಗಿಯೇ ಕಾಣುತ್ತವೆ. ತೊಂದರೆಯೆಂದರೆ ಒಂದೊಂದು ಕಡೆ ಒಂದೊಂದು ತಯಾರಿ. ಹಾಗಾಗಿ ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ. ಹೆಚ್ಚಿನ ಅಧ್ಯಯನಗಳು ಚಿಕ್ಕವು, ಅವುಗಳಲ್ಲೂ ಒಳಬಾಯಿ ಹೊಲಿದದ್ದರ ಪಾಲೆಷ್ಟು, ಚುಚ್ಚಿದ್ದರ ಪಾಲೆಷ್ಟು ಎಂದು ಬೇರ್ಪಡಿಸಲಾಗದು.

ಕ್ರೋನ್ಸ್ ಇದ್ದರೆ

ಇಲ್ಲಿ ಕತ್ತಿಗಿಂತ ಮೊದಲು ಔಷಧದ ಮಾತು ಬರಬೇಕು. 1999ರ ಟ್ರಯಲ್‌ನಲ್ಲಿ ಉರಿಯೂತ ತಗ್ಗಿಸುವ ಔಷಧ ಇನ್‌ಫ್ಲಿಕ್ಸಿಮ್ಯಾಬ್ ಅನ್ನು ಕಿಲೋ ತೂಕಕ್ಕೆ 5 ಮಿ.ಗ್ರಾಂ. ಪ್ರಮಾಣದಲ್ಲಿ ಪಡೆದವರ ಪೈಕಿ 55% ಜನರ ಎಲ್ಲ ಬಾಯಿಗಳೂ ಒಸರುವುದು ನಿಂತಿತ್ತು. ಔಷಧ ಪಡೆಯದವರಲ್ಲಿ 13%. ಆದರೆ ಹೊರಗೆ ಒಣಗಿದ್ದೆಲ್ಲ ಒಳಗೆ ಮಾಯ್ದಿರುವುದಿಲ್ಲ. 2022ರಲ್ಲಿ ಪ್ರಕಟವಾದ ಯುರೋಪಿನ ಪಿಸಾ-2 ಅಧ್ಯಯನದಲ್ಲಿ ಎಂಆರ್‌ಐನಲ್ಲೂ ಸುರಂಗ ಮುಚ್ಚಿರಬೇಕೆಂಬ ಕಠಿಣ ಅಳತೆ ಇಟ್ಟರು. ಹದಿನೆಂಟು ತಿಂಗಳಿಗೆ ಔಷಧವೊಂದನ್ನೇ ಪಡೆದವರಲ್ಲಿ 9%, ಸ್ವಲ್ಪ ಕಾಲ ಔಷಧ ಕೊಟ್ಟು ಆಪರೇಷನ್‌ನಿಂದ ಮುಚ್ಚಿದವರಲ್ಲಿ 32% ಈ ಅಳತೆ ದಾಟಿದರು. ಗುದನಾಳದ ಒಳಗೆ ಹುಣ್ಣಾಗಿ ಉರಿಯೂತ ಕೆರಳಿದ್ದರೆ ಫ್ಲ್ಯಾಪಾಗಲಿ ಲಿಫ್ಟ್ ಆಗಲಿ ಹೊಲಿಗೆ ನಿಲ್ಲುವುದಿಲ್ಲ. ಮೊದಲು ಉರಿ ತಣಿಸಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಯಾವ ಯಂತ್ರ, ಯಾವ ಕೋಶ ಎಂಬುದು ಮೊದಲ ಪ್ರಶ್ನೆಯಾಗಬಾರದು. ಎಂಆರ್‌ಐ ಆಗಿದೆಯೇ, ಒಳಬಾಯಿ ಗಡಿಯಾರದ ಯಾವ ಗಂಟೆಯ ದಿಕ್ಕಿನಲ್ಲಿದೆ, ಹೊರಸ್ನಾಯುವಿನ ಎಷ್ಟು ಭಾಗ ಸುರಂಗದ ಹಾದಿಯಲ್ಲಿದೆ, ಕವಲು ಅಥವಾ ಕುದುರೆಲಾಳದಂತೆ ಎರಡೂ ಬದಿಗೆ ಹರಡಿದ ಕೀವು ಇದೆಯೇ ಎಂದು ಕೇಳಿ. ಇವುಗಳಿಗೆ ಉತ್ತರ ಇಲ್ಲದೆ ಆಪರೇಷನ್ ದಿನಾಂಕ ಗೊತ್ತು ಮಾಡುವುದು ನಕ್ಷೆಯಿಲ್ಲದೆ ಅಗೆದಂತೆ. ಹಲವು ಬಾಯಿಗಳಿದ್ದರೆ, ಪದೇಪದೇ ಮರುಕಳಿಸಿದ್ದರೆ, ಜೊತೆಗೆ ಭೇದಿ ಅಥವಾ ತೂಕ ಇಳಿತವಿದ್ದರೆ ಕ್ರೋನ್ಸ್ ಮತ್ತು ಕ್ಷಯ ಎರಡನ್ನೂ ಹುಡುಕಬೇಕು. ಕೆರೆದು ತೆಗೆದ ಅಂಗಾಂಶವನ್ನು ಬಯಾಪ್ಸಿಗೆ ಕಳಿಸಬೇಕು. ಹತ್ತಾರು ವರ್ಷ ಸೋರಿದ ಭಗಂದರದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಕೂಡ ಅಡಗಿರುತ್ತದೆ. ಸಿಗರೇಟು ಬಿಡುವುದು, ಸಕ್ಕರೆ ಕಾಯಿಲೆ ಹತೋಟಿಗೆ ತರುವುದು ಹೊಲಿಗೆ ನಿಲ್ಲುವುದಕ್ಕೆ ನೇರವಾಗಿ ಸಹಾಯ. ಆಪರೇಷನ್ ಆದ ಮೇಲೆ ಮಲ ಗಟ್ಟಿಯಾಗಲೂಬಾರದು, ಭೇದಿಯ ಔಷಧ ಅತಿಯಾಗಿ ಅದು ನೀರಾಗಲೂಬಾರದು. ನೀರಾದ ಮಲ ಹೊಲಿದ ಒಳಬಾಯಿಯ ಸಂದಿಗೆ ನುಗ್ಗುತ್ತದೆ.

ಫಲಿತಾಂಶ ಅಳೆಯುವುದಕ್ಕೂ ತಾಳ್ಮೆ ಬೇಕು. ಒಂದು ತಿಂಗಳಲ್ಲಿ ಹೊರಬಾಯಿ ಮುಚ್ಚಿದರೆ ಅದನ್ನು ವಾಸಿ ಎನ್ನುವಂತಿಲ್ಲ, ಆರು ತಿಂಗಳಾದರೂ ಕಾಯಬೇಕು. ಎಂಆರ್‌ಐನಲ್ಲಿ ಸುರಂಗದ ಗುರುತು ಅಳಿಯಲು ಹೊರಗಿನ ಗಾಯಕ್ಕಿಂತ ಒಂದು ವರ್ಷದಷ್ಟು ಹೆಚ್ಚು ಸಮಯ ಹಿಡಿಯಬಹುದು. ಹಾಗಾಗಿ ಬೇಗ ಮಾಡಿದ ಎಂಆರ್‌ಐ ನೋಡಿ ಸೋತಿತೆಂದು ಮತ್ತೆ ಕೊಯ್ಯುವುದೂ ತಪ್ಪು.

ಮತ್ತೆ ಒಸರಲು ಶುರುವಾದರೆ ಪುನಃ ಸೀಟನ್ ಹಾಕಿ, ಮೂರು ತಿಂಗಳು ಬಿಟ್ಟು, ಹೊಸ ಎಂಆರ್‌ಐ ಮಾಡಿಸಬೇಕು. ಲಿಫ್ಟ್ ಸೋತ ಕೆಲವರಲ್ಲಿ ಆಗ ಒಂದು ಒಳ್ಳೆಯ ಬದಲಾವಣೆ ಕಾಣುತ್ತದೆ: ಹೊರಸ್ನಾಯುವಿನ ಆಚೆಗಿದ್ದ ಸುರಂಗ ಒಣಗಿ, ಒಳಬಾಯಿಯಿಂದ ಸ್ನಾಯುಗಳ ನಡುವಿನ ಗಾಯದವರೆಗಿನ ಗಿಡ್ಡ ತುಂಡು ಮಾತ್ರ ಉಳಿದಿರುತ್ತದೆ. ಅದನ್ನು ಸೀಳಿ ತೆರೆಯಲು ಒಳಸ್ನಾಯುವಿನ ಒಂದಂಚು ಸಾಕು. ಹೊರಸ್ನಾಯುವನ್ನು ಆಗಲೂ ಮುಟ್ಟಬೇಕಾಗಿಲ್ಲ.